‘ಆರ್‌ಎನ್‌ಎ ಔಷಧಿ’ ಬಾಟಲಿ: ತೆಂಗಿಗೆ ಹೊಡೆದೆ, ಜೇನು ಹೋಯಿತು

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಬೇಡಿ. ಐದರಲ್ಲಿ ಒಂದು ಸ್ಟಾರ್.

ಒಂದು ಲೀಟರಿನ ಹಸಿರು ಬಾಟಲಿ. 1,650 ರೂಪಾಯಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ಆರ್‌ಎನ್‌ಎ ತಂತ್ರಜ್ಞಾನ, ಕೀಟದ ಜೀನನ್ನೇ ಮಲಗಿಸುತ್ತದೆ’ ಅಂತ ಬರೆದಿದೆ. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ಹೆಸರು ನಾಳೆ ಬದಲಾಗಬಹುದು, ಬಾಟಲಿಯ ಬಣ್ಣವೂ ಬದಲಾಗಬಹುದು. ಅದರ ಬದಲು ಇಂಥದ್ದನ್ನು ಗುರುತು ಹಿಡಿಯುವುದು ಹೇಗೆ ಅಂತ ಬರೆಯುತ್ತೇನೆ. ಬರಹ ಸ್ವಲ್ಪ ಉದ್ದ ಆಗಬಹುದು. ಆದರೂ ತೆಂಗು, ಅಡಿಕೆ, ಗೇರು ಇರುವವರು ಪೂರ್ತಿ ಓದಿ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ತೋಟ. ಅಡಿಕೆ ಜಾಸ್ತಿ, ನಡುವೆ ಅರುವತ್ತು ತೆಂಗು, ಅದರಲ್ಲಿ ಹೆಚ್ಚಿನವು ಗಿಡ್ಡ ತಳಿ. ಎರಡು ವರ್ಷದಿಂದ ಸುರುಳಿ ಬಿಳಿನೊಣದ ಕಾಟ. 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡದ್ದು ಇದು, ಆಮೇಲೆ ನಮ್ಮ ಕಡೆಗೂ ಬಂತು. ನೋಡಿದವರಿಗೆ ಗೊತ್ತು. ಗರಿಯ ಅಡಿಯಲ್ಲಿ ಬೆಳ್ಳಗೆ ಸುರುಳಿ ಸುರುಳಿ ಮೇಣ, ಕೆಳಗಿನ ಗರಿಯ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ತೆಂಗಿನ ಅಡಿಯಲ್ಲಿರುವ ಬಾಳೆ ಎಲೆಯೂ ಕಪ್ಪಾಗುತ್ತದೆ. ಊಟಕ್ಕೆ ಎಲೆ ಕೊಯ್ಯಲು ಹೋದರೆ ತೊಳೆದೂ ತೊಳೆದೂ ಸಾಕಾಗುತ್ತದೆ.

ಆಗ ಬಂದದ್ದು ಈ ಬಾಟಲಿ. ಪಿಕಪ್‌ನಲ್ಲಿ ಇಬ್ಬರು ಹುಡುಗರು ಬಂದಿದ್ದರು. ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. “ಅಣ್ಣಾ, ಇದು ವಿಷ ಅಲ್ಲವೇ ಅಲ್ಲ. ಅಮೆರಿಕದಲ್ಲಿ ಬಂದಿರುವ ಹೊಸ ವಿದ್ಯೆ. ಬಿಳಿನೊಣ, ನುಸಿ, ಕುರುವಾಯಿ, ಕೆಂಪು ಮೂತಿ ಹುಳ, ಬೇರುಹುಳ ಎಲ್ಲದಕ್ಕೂ ಇದೊಂದೇ. ಒಮ್ಮೆ ಹೊಡೆದರೆ ಆರು ತಿಂಗಳು ನೋಡಬೇಕಾಗಿಲ್ಲ” ಅಂದರು. ‘ವಿಷ ಅಲ್ಲ’ ಅನ್ನುವ ಮಾತಿಗೆ ನಾನು ಒಪ್ಪಿದೆ. ಯಾಕೆ ಒಪ್ಪಿದೆ ಅನ್ನುವುದನ್ನು ಕೆಳಗೆ ಹೇಳುತ್ತೇನೆ. ಎರಡು ಬಾಟಲಿ ತಗೊಂಡೆ. ಬಿಲ್ ಕೇಳಿದ್ದಕ್ಕೆ ವಾಟ್ಸಾಪ್ ಮಾಡುತ್ತೇವೆ ಅಂದರು. ಬರಲಿಲ್ಲ.

ಕಾರ್ಬನ್ ಫೈಬರ್ ದೋಟಿಗೆ ಪೈಪು ಕಟ್ಟಿ, ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತಿಗೆ ನಲುವತ್ತು ಮರಕ್ಕೆ ಹೊಡೆಸಿದೆ. ಆಚೆ ತೋಡಿನ ಬದಿಯ ಇಪ್ಪತ್ತು ಮರ ಉಳಿಯಿತು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬಿಳಿನೊಣ ಸತ್ತಿತ್ತು. ನಿಜ, ಸತ್ತಿತ್ತು. ಆದರೆ ಬುಡದಲ್ಲಿ ಕೆಂಪಿರುವೆ ರಾಶಿ ಬಿದ್ದಿತ್ತು. ಜೇಡ ಬಿದ್ದಿತ್ತು. ಹತ್ತು ಗಂಟೆ ಹೊತ್ತಿಗೆ ಮನೆಯವಳು ಕರೆದಳು, ಜೇನುಪೆಟ್ಟಿಗೆಯ ಎದುರು ನೋಡಿ ಅಂತ. ನಮ್ಮಲ್ಲಿ ತುಡುವೆ ಜೇನಿನ ನಾಲ್ಕು ಪೆಟ್ಟಿಗೆ. ತೆಂಗಿನ ಹಿಂಗಾರಕ್ಕೆ ಹೋಗಿ ಬಂದ ನೊಣಗಳು ಬಾಗಿಲ ಹಲಗೆಯ ಮೇಲೆ ಗಿರಗಿರ ಸುತ್ತಿ ಬೀಳುತ್ತಿದ್ದವು. ಸಂಜೆಗೆ ಎರಡು ಪೆಟ್ಟಿಗೆ ಖಾಲಿ. ಮೂರನೆಯದು ವಾರದಲ್ಲಿ ಹೋಯಿತು. ಒಂದು ಉಳಿದಿದೆ. ಆ ಹಲಗೆ ಗುಡಿಸಿದ್ದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಅಕ್ಕನ ಮಗಳು ಮಂಗಳೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಅವಳಿಗೆ ಲೇಬಲ್ಲಿನ ಫೋಟೋ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. “ಮಾವ, ಇದರಲ್ಲಿ ಎಂತ ಉಂಟೋ, ಆರ್‌ಎನ್‌ಎ ಮಾತ್ರ ಅಲ್ಲ. ನಾಳೆ ಬರ್ತೇನೆ, ಕೂತು ಹೇಳ್ತೇನೆ” ಅಂದಳು. ಬಂದಳು. ಜಗಲಿಯಲ್ಲಿ ಕೂತು ಎರಡು ಗಂಟೆ ಹೇಳಿದಳು. ಅದರಲ್ಲಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಯಾಕೆಂದರೆ ಈ ಜೀನ್ ಮಲಗಿಸುವ ವಿದ್ಯೆ ಸುಳ್ಳಲ್ಲ. ಆ ಬಾಟಲಿ ಸುಳ್ಳು. ಅದರಿಂದಾಗಿ ನಾಳೆ ಒಳ್ಳೆಯದು ಬಂದರೂ ಜನ ನಂಬದೆ ಹೋಗಬಾರದು ಅಲ್ವಾ?

ಮದುವೆ ಮನೆಯ ಉಗ್ರಾಣ ಗೊತ್ತಲ್ಲ, ಅವಳು ಅದರಿಂದಲೇ ಸುರು ಮಾಡಿದಳು. ಎಷ್ಟು ಅಕ್ಕಿ, ಎಷ್ಟು ಬೇಳೆ, ಯಾವ ಪಾಯಸ, ಎಲ್ಲ ಬರೆದ ಪುಸ್ತಕ ಉಗ್ರಾಣದ ಒಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಅದು ಜೀನ್. ಅಲ್ಲಿಂದ ಒಂದೊಂದು ಅಡುಗೆಗೆ ಒಂದೊಂದು ಚೀಟಿ ಬರೆದು ಒಲೆಯ ಹತ್ತಿರ ಕಳಿಸುತ್ತಾರೆ. ಆ ಚೀಟಿ ಆರ್‌ಎನ್‌ಎ. ಅಡುಗೆಯವರು ಚೀಟಿ ನೋಡಿ ಮಾಡುತ್ತಾರೆ. ಈಗ ಪಾಯಸದ ಚೀಟಿ ಬಂದ ಹಾಗೆಲ್ಲ ಯಾರಾದರೂ ದಾರಿಯಲ್ಲೇ ಹರಿದರೆ? ಪುಸ್ತಕ ಹಾಗೇ ಇದೆ, ಅಡುಗೆಯವರೂ ಇದ್ದಾರೆ, ಪಾಯಸ ಮಾತ್ರ ಆಗುವುದಿಲ್ಲ. ಜೀನ್ ಮಲಗಿಸುವುದು ಅಂದರೆ ಇಷ್ಟೇ.

ಹರಿಯುವವರು ಯಾರು? ಜೀವಕೋಶವೇ. ಮಾಮೂಲಿ ಚೀಟಿ ಒಂಟಿ ಎಳೆಯದ್ದು. ಎಷ್ಟೋ ವೈರಸ್‌ಗಳು ಕೋಶದ ಒಳಗೆ ಹೆಚ್ಚುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಹಾಗಾಗಿ ಉದ್ದದ ಜೋಡಿ ಎಳೆ ಕಂಡರೆ ಕೋಶ ಅದನ್ನು ಕಳ್ಳ ಅಂತ ತಿಳಿಯುತ್ತದೆ. ಡೈಸರ್ ಎಂಬ ಕತ್ತರಿ ಅದನ್ನು ಇಪ್ಪತ್ತೊಂದು, ಇಪ್ಪತ್ತೆರಡು ಅಕ್ಷರದ ತುಂಡು ಮಾಡುತ್ತದೆ. ಆಮೇಲೆ ಕೋಶ ಆ ತುಂಡನ್ನೇ ಮಾದರಿಯಾಗಿ ಹಿಡಿದು, ಅದಕ್ಕೆ ಹೊಂದುವ ಚೀಟಿ ಎಲ್ಲಿ ಸಿಕ್ಕಿದರೂ ಕತ್ತರಿಸಿ ಹಾಕುತ್ತದೆ. ಹಾಗಾದರೆ ಕೀಟದ ಜೀವಕ್ಕೆ ಬೇಕೇಬೇಕಾದ ಒಂದು ಜೀನಿನ ಅಕ್ಷರಗಳನ್ನು ಜೋಡಿ ಎಳೆ ಮಾಡಿ ಕೀಟಕ್ಕೆ ತಿನ್ನಿಸಿದರೆ ಸಾಕು. ಅದರದ್ದೇ ಚೀಟಿಯನ್ನು ಅದೇ ಹರಿದು ಹಾಕುತ್ತದೆ.

ಇದು ಮೊದಲು ಕಂಡದ್ದು ಹೂವಿನ ಗಿಡದಲ್ಲಿ ಅಂತ ಕೇಳಿ ನನಗೆ ತುಂಬಾ ಇಷ್ಟ ಆಯಿತು. ಪೆಟೂನಿಯಾದ ನೇರಳೆ ಬಣ್ಣ ಇನ್ನೂ ಗಾಢ ಆಗಲಿ ಅಂತ ಬಣ್ಣದ ಜೀನನ್ನೇ ಇನ್ನೊಂದು ಸೇರಿಸಿದರಂತೆ. ಅರಳಿದ್ದು ಬಿಳಿ ಹೂ! 1990ರಲ್ಲಿ ಅದನ್ನು ಬರೆದು ಪ್ರಕಟಿಸಿದಾಗ ಕಾರಣ ತಿಳಿದಿರಲಿಲ್ಲ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಸಣ್ಣ ದುಂಡುಹುಳದಲ್ಲಿ ಜೋಡಿ ಎಳೆಯ ಗುಟ್ಟು ಬಿಡಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಕೀಟಕ್ಕೆ ಇದನ್ನು ತಿನ್ನಿಸುವುದು ಎರಡು ದಾರಿಯಲ್ಲಿ. ಒಂದು, ಸಿಂಪಡಿಸುವುದು. ಇನ್ನೊಂದು, ಗಿಡವೇ ತನ್ನೊಳಗೆ ಆ ಜೋಡಿ ಎಳೆ ತಯಾರಿಸುವ ಹಾಗೆ ಮಾಡುವುದು. ಗಿಡದ ದಾರಿಯಲ್ಲಿ ಮೊದಲ ದೊಡ್ಡ ಸುದ್ದಿ 2007ರಲ್ಲಿ. ಆ ವರ್ಷ ಎರಡು ತಂಡದವರು ತೋರಿಸಿದರು. ಒಬ್ಬರು ಮೆಕ್ಕೆಜೋಳದ ಬೇರು ತಿನ್ನುವ ಹುಳಕ್ಕೆ, ಇನ್ನೊಬ್ಬರು ಹತ್ತಿಯ ಕಾಯಿಕೊರಕಕ್ಕೆ. ಹತ್ತಿ ಗಿಡದಲ್ಲಿ ಗಾಸಿಪಾಲ್ ಅಂತ ಒಂದು ಸಹಜ ವಿಷ ಇದೆ, ಕಾಯಿಕೊರಕ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಜೀರ್ಣಿಸಲು ಬೇಕಾದ ಜೀನನ್ನೇ ಮಲಗಿಸಿದಾಗ ಆ ಹುಳಕ್ಕೆ ಗಾಸಿಪಾಲ್ ತಡೆದುಕೊಳ್ಳಲು ಆಗಲಿಲ್ಲ. ಅಂದರೆ ಗಿಡದ ಹಳೆಯ ಆಯುಧಕ್ಕೇ ಮತ್ತೆ ಮೊನೆ ಬಂತು.

ಮೆಕ್ಕೆಜೋಳದ್ದು ಗದ್ದೆಗೂ ಬಂತು. ಆ ಹುಳ ದುಂಬಿಯ ಮರಿ. ನಮ್ಮ ಅಡಿಕೆಯ ಬೇರುಹುಳದ ಹಾಗೆ ಮಣ್ಣಿನೊಳಗೇ ಇದ್ದು ಬೇರು ತಿನ್ನುವಂಥದ್ದು, ಆದರೆ ಜಾತಿ ಬೇರೆ. ಅದರ ಸ್ನಫ್7 ಎಂಬ ಜೀನಿನ 240 ಅಕ್ಷರದಷ್ಟು ತುಂಡು ಆ ಜೋಳದ ಬೇರಿನಲ್ಲಿ ತಯಾರಾಗುತ್ತದೆ. ಅಮೆರಿಕದ ಪರಿಸರ ಇಲಾಖೆ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಬೇರುಹುಳದಿಂದ ತೋಟ ಕಳೆದುಕೊಂಡವರಿಗೆ ಇದನ್ನು ಕೇಳಿದರೆ ಆಸೆ ಆಗದೆ ಇರುತ್ತದಾ? ಬುಡಕ್ಕೆ ಮದ್ದು ಹೊಯ್ದರೆ ಅರ್ಧ ಮಣ್ಣಿಗೆ, ಅರ್ಧ ಬಾವಿಗೆ. ಬೇರಿನೊಳಗೇ ಇದ್ದರೆ ಬೇರು ಕಚ್ಚಿದವನಿಗೆ ಮಾತ್ರ.

ಇದರಲ್ಲಿ ಒಂದು ತೊಡಕು ಇದೆ, ಅದನ್ನು ಅವಳು ಹೇಳಿದಾಗ ನಾನು ಎರಡು ಸಲ ಕೇಳಿಸಿಕೊಂಡೆ. ಗಿಡದಲ್ಲೂ ಡೈಸರ್ ಇದೆ. ಕೀಟಕ್ಕೆ ಬೇಕಾದದ್ದು ಉದ್ದದ ಎಳೆ, ತೀರಾ ಸಣ್ಣ ತುಂಡುಗಳನ್ನು ಅದರ ಹೊಟ್ಟೆ ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಆದರೆ ಕೀಟ ತಿನ್ನುವ ಮೊದಲೇ ಗಿಡದ ಕತ್ತರಿ ಅದನ್ನು ತುಂಡು ಮಾಡಿರುತ್ತದೆ. ಇದಕ್ಕೆ 2015ರಲ್ಲಿ ಜರ್ಮನಿಯ ಸಂಶೋಧಕರು ಒಂದು ಉಪಾಯ ಮಾಡಿದರು. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್ ಇದೆಯಲ್ಲ, ಅದರ ಒಳಗೆ ಈ ಕತ್ತರಿ ಇಲ್ಲ. ಆಲೂಗಡ್ಡೆ ಗಿಡದಲ್ಲಿ ಜೋಡಿ ಎಳೆಯನ್ನು ಅಲ್ಲೇ ತಯಾರಿಸಿದರು. ಉದ್ದದ ಎಳೆ ಉದ್ದವಾಗಿಯೇ ಉಳಿಯಿತು. ಎಲೆ ತಿಂದ ಕೊಲರಾಡೋ ದುಂಬಿಯ ಮರಿಗಳು ಐದು ದಿನದಲ್ಲಿ ಸತ್ತವು.

ಐದು ದಿನ. ಇದನ್ನು ನೆನಪಿಟ್ಟುಕೊಳ್ಳಿ. ಈ ವಿದ್ಯೆ ನಿಧಾನದ್ದು. ಚೀಟಿ ಹರಿದರೂ ಮೊದಲೇ ಮಾಡಿಟ್ಟ ಅಡುಗೆ ಮುಗಿಯುವ ತನಕ ಪಂಕ್ತಿ ನಡೆಯುತ್ತದೆ. ಹುಳ ಮೊದಲು ತಿನ್ನುವುದು ಬಿಡುತ್ತದೆ, ಬಾಡುತ್ತದೆ, ದಿನಗಳು ಕಳೆದು ಸಾಯುತ್ತದೆ. ಸಂಜೆ ಹೊಡೆದು ಬೆಳಿಗ್ಗೆಗೆ ಇರುವೆ, ಜೇಡ, ಬಿಳಿನೊಣ ಎಲ್ಲ ಒಟ್ಟಿಗೆ ಬಿದ್ದರೆ ಅದು ನರಕ್ಕೆ ಹೊಡೆಯುವ ರಾಸಾಯನಿಕದ ಕೆಲಸ. ಸುಳ್ಳು ಬಾಟಲಿಯ ಮೊದಲ ಗುರುತು ಇದು.

ಎರಡನೇ ಗುರುತು ಇನ್ನೂ ದೊಡ್ಡದು. ಬಾಟಲಿಯ ಮೇಲೆ ಹನ್ನೊಂದು ಕೀಟದ ಹೆಸರಿತ್ತು. ದುಂಬಿ, ನೊಣ, ನುಸಿ, ಕಂಬಳಿಹುಳ, ತಿಗಣೆ. ಜೀನ್ ಮಲಗಿಸುವ ಮದ್ದು ಹಾಗೆ ಎಲ್ಲರ ಮನೆಯ ಬೀಗಕ್ಕೂ ಆಗುವ ಕೀಲಿಕೈ ಅಲ್ಲ. ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮೆಕ್ಕೆಜೋಳದ ಆ 240 ಅಕ್ಷರ ಆ ಬೇರುಹುಳಕ್ಕೆ ಮತ್ತು ಅದರ ಹತ್ತಿರದ ನೆಂಟರಿಗೆ ಮಾತ್ರ ತಾಗುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಆಲೂಗಡ್ಡೆಯ ಎಲೆಗೆ ಸಿಂಪಡಿಸುವ ಇಂಥ ಮದ್ದಿಗೆ ಒಪ್ಪಿಗೆ ಸಿಕ್ಕಿತು, ಕಲಾಂಥಾ ಅಂತ ಹೆಸರು. ಅದೂ ಕೊಲರಾಡೋ ದುಂಬಿ ಒಂದಕ್ಕೇ. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಪ್ರಯೋಗಾಲಯಗಳು ಒಂದು ಬೆಳೆಯ ಒಂದು ದುಂಬಿಗೆ ಇಷ್ಟು ವರ್ಷ ದುಡಿದಿವೆ. ಪಿಕಪ್‌ನಲ್ಲಿ ಹನ್ನೊಂದು ಕೀಟದ್ದು ಒಂದೇ ಬಾಟಲಿಯಲ್ಲಿ ಬರುತ್ತದಾ ಮಾರಾಯ್ರೆ?

ಬಿಳಿನೊಣಕ್ಕೇ ಬೇಕಾದರೆ ಕೆಲಸ ನಡೆದಿದೆ. ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು ಬಿಳಿನೊಣದ ಒಂದು ಜೀನಿನ ಜೋಡಿ ಎಳೆ ತಯಾರಿಸುವ ಹೊಗೆಸೊಪ್ಪಿನ ಗಿಡ ಮಾಡಿ, ಅದರ ರಸ ಹೀರಿದ ನೊಣ ಸಾಯುವುದನ್ನು ತೋರಿಸಿದ್ದಾರೆ. ಕಾಯಿಕೊರಕ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಹತ್ತಿ ಇದೆಯಲ್ಲ, ಅದರ ವಿಷ ರಸ ಹೀರುವ ಕೀಟಗಳಿಗೆ ತಾಗುವುದಿಲ್ಲ, ಹಾಗಾಗಿ ಇದು ದೊಡ್ಡ ಮಾತು. 2021ರಲ್ಲಿ ಚೀನಾದವರು ಇನ್ನೊಂದು ಕಂಡುಹಿಡಿದರು. ಗಿಡದ ವಿಷವನ್ನು ಸಪ್ಪೆ ಮಾಡುವ ಒಂದು ಜೀನನ್ನು ಬಿಳಿನೊಣ ಬಹಳ ಹಿಂದೆ ಗಿಡದಿಂದಲೇ ಪಡೆದುಕೊಂಡಿದೆಯಂತೆ. ಆ ಜೀನನ್ನು ಮಲಗಿಸುವ ಟೊಮೆಟೊ ಗಿಡದಲ್ಲಿ ಕೂತ ಬಿಳಿನೊಣ ಸತ್ತವು, ಬೇರೆ ಕೀಟಗಳಿಗೆ ಏನೂ ಆಗಲಿಲ್ಲ. ಆದರೆ ಇವೆಲ್ಲ ತರಕಾರಿ, ಹತ್ತಿಗೆ ಕಾಡುವ ಬಿಳಿನೊಣ. ನಮ್ಮ ತೆಂಗಿನದ್ದು ಬೇರೆ ಜಾತಿ.

ಮೂರನೇ ಗುರುತು, ಆರು ತಿಂಗಳ ಮಾತು. ಬರಿಯ ಜೋಡಿ ಎಳೆ ಮಣ್ಣಿಗೆ ಬಿದ್ದರೆ ಒಂದೆರಡು ದಿನದಲ್ಲಿ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಎಲೆಯ ಮೇಲೆ ಬಿಸಿಲು, ಮಳೆ ಕೆಡಿಸುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ತೀರಾ ಸಣ್ಣ ಜೇಡಿಮಣ್ಣಿನ ಹಾಳೆಗಳಿಗೆ ಅಂಟಿಸಿ ಗಿಡಕ್ಕೆ ಹೊಡೆದು, ವೈರಸ್ ವಿರುದ್ಧ 20 ದಿನ ಕಾಪಾಡಿದ್ದನ್ನು 2017ರಲ್ಲಿ ದೊಡ್ಡ ಸಾಧನೆ ಅಂತ ಪ್ರಕಟಿಸಿದರು. 20 ದಿನ! ನಮ್ಮ ಜುಲೈ ಮಳೆಯಲ್ಲಿ ಮೈಲುತುತ್ತೇ ಎಷ್ಟು ದಿನ ನಿಲ್ಲುತ್ತದೆ ಅಂತ ಕೊಳೆರೋಗಕ್ಕೆ ಮದ್ದು ಬಿಟ್ಟವರಿಗೆ ಗೊತ್ತು.

ಇನ್ನು ಲೇಬಲ್. ನೋಂದಣಿ ಸಂಖ್ಯೆ ಇಲ್ಲ. ವಿಷದ ಮಟ್ಟ ತೋರಿಸುವ ಬಣ್ಣದ ತ್ರಿಕೋನ ಇಲ್ಲ. ಒಳಗಿನ ಮುಖ್ಯ ವಸ್ತು ಯಾವುದು, ಶೇಕಡಾ ಎಷ್ಟು, ಅದೂ ಇಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಕೀಟ ಕೊಲ್ಲಲು ಮಾರುವ ಮದ್ದಿಗೆ ನೋಂದಣಿ ಬೇಕೇ ಬೇಕು. ಇದನ್ನು ನಾನು ತಗೊಳ್ಳುವಾಗಲೇ ನೋಡಬೇಕಿತ್ತು.

ಯಾಕೆ ನೋಡಲಿಲ್ಲ ಅಂದರೆ, ‘ವಿಷ ಅಲ್ಲ’ ಅನ್ನುವ ಮಾತನ್ನು ಕೇಳಲು ನಾವು ಎಣ್ಮಕಜೆಯವರು (ಪೆರ್ಲ ಇರುವುದು ಈ ಪಂಚಾಯತಿನಲ್ಲೇ) ಎಷ್ಟು ವರ್ಷದಿಂದ ಕಾದಿದ್ದೇವೆ ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ತಿಗಣೆಗೆ ಅಂತ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಹೆಲಿಕಾಪ್ಟರ್ ನೋಡಲು ನಾವು ಮಕ್ಕಳು ಗುಡ್ಡೆಗೆ ಓಡುತ್ತಿದ್ದೆವು. ಅಜ್ಜಿ ಬಾವಿಗೆ ಮಡಲು ಮುಚ್ಚುತ್ತಿದ್ದರು. ಅಪ್ಪನ ಜೇನು ಆಗಲೂ ಹೀಗೇ ಬಿದ್ದಿತ್ತು. ಆಮೇಲೆ ಸ್ವರ್ಗ, ಪಡ್ರೆಯ ಮನೆಗಳಲ್ಲಿ ಎಂಥ ಮಕ್ಕಳು ಹುಟ್ಟಿದರು ಅಂತ ಇಡೀ ದೇಶ ನೋಡಿದೆ. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಒಂದು ಸೊಳ್ಳೆಗೆ ಅಂತ ಹೊಡೆದದ್ದು ಬಾವಿ, ದನ, ಜೇನು, ಹೊಟ್ಟೆಯ ಒಳಗಿನ ಮಗು ಯಾವುದನ್ನೂ ಬಿಡಲಿಲ್ಲ.

ಅದಕ್ಕೇ ನನಗೆ ಈ ವಿದ್ಯೆಯ ಮೇಲೆ ಆಸೆ. ಟೀ ಸೊಳ್ಳೆಯ ಚೀಟಿ ಮಾತ್ರ ಹರಿಯುವ, ಜೇನಿನ ಚೀಟಿ ಮುಟ್ಟದ ಮದ್ದು ನಮ್ಮ ಗುಡ್ಡೆಗೆ ಬೇಕು. ಆರಿಸಿ ಹೊಡೆಯುವುದೇ ಇದರ ದೊಡ್ಡ ಗುಣ. ಆ ಗುಣವನ್ನೇ ಬಿಟ್ಟು ‘ಎಲ್ಲಾ ಕೀಟಕ್ಕೂ ಒಂದೇ’ ಅಂತ ಮಾರಿದರಲ್ಲ, ಅದಕ್ಕೆ ನನಗೆ ಸಿಟ್ಟು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಸಿಟ್ಟು.

ಕೊರತೆಗಳೂ ಇವೆ, ಅದನ್ನೂ ಹೇಳಬೇಕು. ದುಂಬಿಗಳಿಗೆ ಇದು ಚೆನ್ನಾಗಿ ತಾಗುತ್ತದೆ. ಕಂಬಳಿಹುಳ, ಕಾಯಿಕೊರಕದಂಥವಕ್ಕೆ ಅಷ್ಟು ಸುಲಭವಾಗಿ ತಾಗುವುದಿಲ್ಲ, ಅವುಗಳ ಹೊಟ್ಟೆಯ ರಸವೇ ಎಳೆಯನ್ನು ಕರಗಿಸಿಬಿಡುತ್ತದೆ. ಕೀಟ ಇದಕ್ಕೂ ಒಗ್ಗಿಕೊಳ್ಳಬಲ್ಲದು. ಮೆಕ್ಕೆಜೋಳದ ಬೇರುಹುಳ ಒಗ್ಗಿಕೊಂಡದ್ದನ್ನು ಸಂಶೋಧಕರು 2018ರಲ್ಲೇ ತೋರಿಸಿದ್ದಾರೆ. ಆ ಹುಳಗಳ ಕರುಳು ಜೋಡಿ ಎಳೆಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಾಗಾದರೆ ಜೀನ್ ಬದಲಿಸಿ ಹೊಸ ಮದ್ದು ಮಾಡಿದರೂ ಬಾಗಿಲೇ ಮುಚ್ಚಿದ ಹಾಗೆ. ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡದ್ದು ನಮ್ಮ ದೇಶದ ರೈತರು ಕಂಡದ್ದೇ ಅಲ್ವಾ. ಇನ್ನು ತೆಂಗು, ಅಡಿಕೆಯಂಥ ಮರದಲ್ಲಿ ಹೊಸ ಜೀನ್ ಸೇರಿಸಿ, ಬೆಳೆಸಿ, ಫಲ ನೋಡಿ, ಪರೀಕ್ಷೆ ಮಾಡಿ ಮುಗಿಸಲು ಎಷ್ಟು ವರ್ಷ ಬೇಕು ಯೋಚಿಸಿ. ನಮಗೆ ಬರುವುದಾದರೆ ಸಿಂಪಡಿಸುವ ಅಥವಾ ಕಾಂಡಕ್ಕೆ ಕೊಡುವ ರೂಪದಲ್ಲಿ ಬಂದೀತು ಅಂತ ನನ್ನ ಲೆಕ್ಕ. ಬರುವಾಗ ನಮ್ಮ ತುಡುವೆ ಜೇನಿನ ಮೇಲೆ, ನಮ್ಮ ತೋಟದ ಮಿತ್ರ ಕೀಟಗಳ ಮೇಲೆ ಪರೀಕ್ಷೆ ಆಗಿಯೇ ಬರಬೇಕು. ಹೊರದೇಶದ ಜೇನಿನ ಮೇಲೆ ಮಾಡಿದ ಪರೀಕ್ಷೆ ಸಾಲದು.

ಬಾಟಲಿಯ ಕಥೆ ಮುಗಿಸುತ್ತೇನೆ. ಅಕ್ಕನ ಮಗಳೇ ಆ ನಂಬರಿಗೆ ಫೋನ್ ಮಾಡಿ, “ಇದು ಯಾವ ಕೀಟದ ಯಾವ ಜೀನಿಗೆ ಮಾಡಿದ್ದು?” ಅಂತ ಕೇಳಿದಳು. ಎಲ್ಲಾ ಕೀಟದ ಎಲ್ಲಾ ಜೀನಿಗೆ ಅಂದರು. ಹಣ ವಾಪಸ್ ಕೇಳಿದ್ದಕ್ಕೆ ಕಟ್ ಮಾಡಿದರು, ಆಮೇಲೆ ನಂಬರ್ ಸ್ವಿಚ್ ಆಫ್. ಉಳಿದ ಮುಕ್ಕಾಲು ಲೀಟರನ್ನು ತೋಡಿಗೆ ಚೆಲ್ಲಲಿಲ್ಲ, ಕೃಷಿ ಭವನಕ್ಕೆ ಒಯ್ದು ಲೇಬಲ್ ಸಮೇತ ತೋರಿಸಿ ದೂರು ಬರೆದುಕೊಟ್ಟೆ. ನಿಮ್ಮಲ್ಲೂ ಇದ್ದರೆ ಹಾಗೆ ಮಾಡಿ. ಬಿಲ್ ಇಲ್ಲದೆ ಏನನ್ನೂ ತಗೊಳ್ಳಬೇಡಿ. ಅಂಗಡಿಯವರಿಗೆ ಬಿಲ್ ಕೊಡಲು ಮನಸ್ಸಿಲ್ಲ ಅಂದರೆ ಬಾಟಲಿ ಅಲ್ಲೇ ಇಡಿ.

ಬಿಳಿನೊಣ? ಒಂದು ತಿಂಗಳಲ್ಲಿ ಮತ್ತೆ ಬಂತು, ಹೊಡೆದ ನಲುವತ್ತು ಮರದಲ್ಲಿ ಮೊದಲಿಗಿಂತ ಜಾಸ್ತಿ. ಹೊಡೆಯದೆ ಉಳಿದ ತೋಡಿನ ಬದಿಯ ಇಪ್ಪತ್ತು ಮರದಲ್ಲಿ ಕಡಿಮೆ ಇತ್ತು. ಯಾಕೆ ಅಂತ ಗರಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದೆವು. ಬಿಳಿನೊಣದ ಮರಿಗಳ ಮೈಮೇಲೆ ಸೂಜಿ ಮೊನೆಯಷ್ಟು ದುಂಡಗಿನ ತೂತು. ಎನ್ಕಾರ್ಸಿಯಾ ಅಂತ ಒಂದು ತೀರಾ ಸಣ್ಣ ಕಣಜ, ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗಿಂದ ತಿಂದು ತೂತು ಮಾಡಿ ಹೊರಗೆ ಬರುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ವಿಷ ಹೊಡೆಯಬೇಡಿ, ಈ ಕಣಜವನ್ನು ಉಳಿಸಿ ಅಂತ ಹೇಳುತ್ತಲೇ ಬಂದಿದ್ದಾರೆ. ನಲುವತ್ತು ಮರದಲ್ಲಿ ಅದನ್ನೇ ಆ ಬಾಟಲಿ ಕೊಂದಿತ್ತು. ಈಗ ಆಚೆ ಬದಿಯಿಂದ ತೂತು ಇರುವ ಗರಿ ತುಂಡು ಮಾಡಿ ತಂದು ಈಚೆ ಮರಗಳಿಗೆ ಕಟ್ಟುತ್ತಿದ್ದೇವೆ. ಕಳೆದ ಭಾನುವಾರದ ತನಕ ಹನ್ನೆರಡು ಮರಕ್ಕೆ ಆಯಿತು, ಇನ್ನು ಇಪ್ಪತ್ತೆಂಟು ಇದೆ.